ಸತ್ತ ಮೇಲೆ ಕೋಟಿ ಬಾಳಿದ ಆನೆ

ಹಳೆ ಕಾರುಗಳ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಕೊಳ್ಳುವ ಯೋಗ್ಯತೆ ಇಲ್ಲ, ಆದರೆ ಅವುಗಳ ಬಗ್ಗೆ ಓದೋದಕ್ಕೆ ಕಾಸು ಕೊಡಬೇಕಿಲ್ಲವಲ್ಲ :)

ಹೀಗೆ ಓದುತ್ತಾ ನನ್ನನ್ನು ತುಂಬಾ ಕಾಡಿದ್ದು ಬಿಎಂಡಬ್ಲ್ಯೂ 507. ಎರಡೇ ಸೀಟು, ಉದ್ದನೆಯ ಮೂತಿ, ಬೇಕೆಂದಾಗ ಮಡಚಿಡಬಹುದಾದ ಮೇಲ್ಛಾವಣಿ. ಫೋಟೋ ನೋಡಿದರೆ ಇದನ್ನು ಮಾಡಿದವರು ದುಡ್ಡು ಬಾಚಿರಬೇಕು ಅನ್ನಿಸುತ್ತೆ. ಆಗಿದ್ದು ಮಾತ್ರ ಉಲ್ಟಾ!

ಎರಡನೇ ಮಹಾಯುದ್ಧ ಮುಗಿದಾಗ ಬಿಎಂಡಬ್ಲ್ಯೂ ಹತ್ತಿರ ಏನೂ ಉಳಿದಿರಲಿಲ್ಲ. ಕಾರು ತಯಾರಿಸುತ್ತಿದ್ದ ಐಸೆನಾಖ್ ಕಾರ್ಖಾನೆ ಸೋವಿಯತ್ ವಲಯಕ್ಕೆ ಸೇರಿಹೋಯಿತು. ಮ್ಯೂನಿಕ್‌ನಲ್ಲಿ ಮೋಟಾರ್‌ಸೈಕಲ್ ಮಾಡುತ್ತಾ ಚೇತರಿಸಿಕೊಂಡ ಕಂಪನಿ, 1950ರ ದಶಕದಲ್ಲಿ ದೊಡ್ಡ ದೊಡ್ಡ ಐಷಾರಾಮಿ ಕಾರುಗಳಿಗೆ ಕೈ ಹಾಕಿತು. ಆಗಿನ ಜರ್ಮನಿಯಲ್ಲಿ ಅವನ್ನು ಕೊಳ್ಳುವವರೇ ಕಡಿಮೆ.

ಆಗ ಬಂದವನು ಮ್ಯಾಕ್ಸ್ ಹಾಫ್‌ಮನ್. ನ್ಯೂಯಾರ್ಕಿನಲ್ಲಿ ಯೂರೋಪಿನ ಕಾರುಗಳನ್ನು ತರಿಸಿ ಮಾರುತ್ತಿದ್ದ ವ್ಯಾಪಾರಿ. "5000 ಡಾಲರ್‌ಗೆ ಒಂದು ಚೆಂದದ ಸ್ಪೋರ್ಟ್ಸ್ ಕಾರು ಕೊಡಿ, ಸಾವಿರಾರು ಮಾರುತ್ತೇನೆ" ಅನ್ನೋದು ಅವನ ಲೆಕ್ಕಾಚಾರ. ಕಂಪನಿಯ ಮೊದಲ ವಿನ್ಯಾಸ ಅವನಿಗೆ ಹಿಡಿಸಲಿಲ್ಲ. ಅವನ ಶಿಫಾರಸಿನ ಮೇಲೆ ಆಲ್ಬ್ರೆಕ್ಟ್ ಗ್ಯೋರ್ಟ್ಸ್ ಎಂಬ ವಿನ್ಯಾಸಕಾರನಿಗೆ ಕೆಲಸ ಸಿಕ್ಕಿತು. 1955ರಲ್ಲಿ ಕಾರು ಪ್ರದರ್ಶನಕ್ಕೆ ಬಂತು, ನೋಡಿದವರೆಲ್ಲ ಬೆರಗಾದರು.

ಆದರೆ ಬೆರಗಾದವರೆಲ್ಲ ಕೊಳ್ಳುತ್ತಾರೆಯೇ? ಅದರ ಅಲ್ಯೂಮಿನಿಯಂ ಮೈಯನ್ನು ಕೆಲಸಗಾರರು ಕೈಯಿಂದಲೇ ಬಡಿದು ರೂಪಿಸುತ್ತಿದ್ದರು. ಒಂದರ ಗಟ್ಟಿ ಛಾವಣಿ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲವಂತೆ! ಒಳಗೆ 3.2 ಲೀಟರಿನ ವಿ8 ಎಂಜಿನ್, 150 ಅಶ್ವಶಕ್ತಿ. ಹೀಗಾಗಿ ಅಮೆರಿಕಾದಲ್ಲಿ ಬೆಲೆ 9000 ಡಾಲರ್ ದಾಟಿತು. ಸಾವಿರಾರು ಮಾರುವ ಮಾತು ಗಾಳಿಗೆ ಹೋಯಿತು. ಕೊನೆಗೆ ತಯಾರಾದದ್ದು 250ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಾಡಿದಷ್ಟೂ ನಷ್ಟ.

ತಮಾಷೆ ಏನು ಗೊತ್ತಾ? ಅದೇ 1955ರಲ್ಲಿ ಅದೇ ಕಂಪನಿ ಇಸೆಟ್ಟಾ ಅನ್ನೋ ಮೊಟ್ಟೆಯಾಕಾರದ ಪುಟ್ಟ ಕಾರನ್ನೂ ತಂದಿತ್ತು. ಇಟಲಿಯಿಂದ ಪರವಾನಗಿ ಪಡೆದ ವಿನ್ಯಾಸ, ಮೋಟಾರ್‌ಸೈಕಲ್ಲಿನ ಎಂಜಿನ್, ಮುಂದುಗಡೆಯೇ ಒಂದು ಬಾಗಿಲು. ನೋಡಿ ನಗುವ ಹಾಗಿದ್ದ ಇದು 1962ರ ತನಕ 1.6 ಲಕ್ಷದಷ್ಟು ತಯಾರಾಯಿತು. ಮನೆಗೆ ಅಕ್ಕಿ ತಂದವನು ಈ ಕುಳ್ಳ. ಮೆರವಣಿಗೆ ಮಾತ್ರ ಆನೆಗೆ!

ಆದರೂ ದೊಡ್ಡ ಕಾರುಗಳು ಮಾಡಿದ ತೂತು ಮುಚ್ಚಲಿಲ್ಲ. 1959ರ ಡಿಸೆಂಬರ್ 9ರಂದು ಮ್ಯೂನಿಕ್‌ನಲ್ಲಿ ಷೇರುದಾರರ ಸಭೆ. ಕಂಪನಿಯನ್ನು ಡೈಮ್ಲರ್-ಬೆಂಜ್ ಕೈಗೆ ಒಪ್ಪಿಸುವ ಪ್ರಸ್ತಾಪ ಮೇಜಿನ ಮೇಲಿತ್ತು. ಸಣ್ಣ ಷೇರುದಾರರು ಮತ್ತು ಡೀಲರುಗಳು ಎದ್ದು ನಿಂತರು. ಅವರ ಪರ ವಕೀಲ ಫ್ರೀಡ್ರಿಖ್ ಮಾಟರ್ನ್ ಲೆಕ್ಕಪತ್ರದಲ್ಲೇ ತಪ್ಪು ತೋರಿಸಿದ: ಹೊಸ 700 ಕಾರಿನ ಅಭಿವೃದ್ಧಿ ಖರ್ಚನ್ನೆಲ್ಲ ಒಂದೇ ವರ್ಷಕ್ಕೆ ಹಾಕಿಬಿಟ್ಟಿದ್ದರು. ಸಭೆ ಮುಂದೂಡಲ್ಪಟ್ಟಿತು, ಪ್ರಸ್ತಾಪ ಬಿದ್ದುಹೋಯಿತು. ಆಮೇಲೆ ಹರ್ಬರ್ಟ್ ಕ್ವಾಂಟ್ ತನ್ನ ಹಣವನ್ನು ಇನ್ನಷ್ಟು ಹೂಡಿ ಕಂಪನಿ ಉಳಿಸಿದ. ಆ ದಿನ ಕೈ ಎತ್ತಿಬಿಟ್ಟಿದ್ದರೆ ಇವತ್ತು ಬಿಎಂಡಬ್ಲ್ಯೂ ಹೆಸರು ಬರೀ ಹಳೆ ಪುಸ್ತಕಗಳಲ್ಲಿ ಇರುತ್ತಿತ್ತೇನೋ.

ಇನ್ನು ಆ 507ಗಳ ಕಥೆ? ಜರ್ಮನಿಯಲ್ಲಿ ಅಮೆರಿಕಾದ ಸೈನಿಕನಾಗಿದ್ದ ಎಲ್ವಿಸ್ ಪ್ರೀಸ್ಲಿ ಒಂದು ಬಿಳಿ 507 ತೆಗೆದುಕೊಂಡಿದ್ದ. ಅಭಿಮಾನಿ ಹುಡುಗಿಯರು ಅದರ ಮೇಲೆ ಲಿಪ್‌ಸ್ಟಿಕ್‌ನಲ್ಲಿ ಬರೆದೂ ಬರೆದೂ ಇಟ್ಟಿದ್ದಕ್ಕೆ ಕೆಂಪು ಬಣ್ಣವನ್ನೇ ಹೊಡೆಸಿದನಂತೆ! ಆ ಕಾರು ಹಲವರ ಕೈ ಬದಲಿಸಿ ಕ್ಯಾಲಿಫೋರ್ನಿಯಾದ ಒಂದು ಶೆಡ್ಡಿನಲ್ಲಿ ದಶಕಗಟ್ಟಲೆ ಧೂಳು ತಿಂದು, ಕಂಪನಿಯಿಂದಲೇ ರಿಪೇರಿಯಾಗಿ 2016ರಲ್ಲಿ ಮತ್ತೆ ಬಿಳಿಯಾಗಿ ಹೊರಬಂತು. ರೇಸಿನ ವಿಶ್ವ ಚಾಂಪಿಯನ್ ಜಾನ್ ಸರ್ಟೀಸ್ ಬಳಿ ಇದ್ದ ಇನ್ನೊಂದು 507, 2018ರ ಹರಾಜಿನಲ್ಲಿ 38 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರೆ. ಈ ಆನೆ ಇದ್ದಾಗ ಮಾವುತನ ಮನೆಯನ್ನೇ ಮುಳುಗಿಸಲು ಹೊರಟಿತ್ತು, ಸತ್ತ ಮೇಲೆ ಕೋಟಿ ಬಾಳಿತು. ಆದರೆ ಆ ಕೋಟಿ ಅದನ್ನು ಬಡಿದು ರೂಪಿಸಿದ ಕೈಗಳಿಗೆ ಸಿಗಲಿಲ್ಲ. ಅದಕ್ಕೇ ಈಗ ಇಸೆಟ್ಟಾ ಫೋಟೋ ಕಂಡರೆ ನನಗೆ ನಗು ಬರೋದಿಲ್ಲ, ಗೌರವ ಬರುತ್ತೆ.

ನಿಮಗೆ ಯಾವುದು ಇಷ್ಟ, ಆನೆಯೋ ಮೊಟ್ಟೆಯೋ? ಹೇಳಿ ಹೋಗಿ :)