ಮೆಹರಿನ ಲೆಕ್ಕ, ಹಕ್ಕಿನ ಲೆಕ್ಕ

ಧರ್ಮದ ಕಾನೂನು ಬೇರೆ, ಲೋಕದ ಕಾನೂನು ಬೇರೆ ಎಂದು ದೊಡ್ಡವರು ವಾದಿಸುತ್ತಾರೆ. ಹೆಣ್ಣಿನ ಬದುಕಿನಲ್ಲಿ ಮಾತ್ರ ಎರಡೂ ಒಂದೇ ಒಲೆಯ ಮುಂದೆ ಬಂದು ಕೂರುತ್ತವೆ. ಒಲೆ ಉರಿಯಬೇಕಾದರೆ ಯಾವ ಕಾನೂನು ಕಟ್ಟಿಗೆ ಕೊಡುತ್ತದೆ ಎಂಬುದಷ್ಟೇ ಆಕೆಯ ಪ್ರಶ್ನೆ.

ಹಿರೇಕೆರೂರಿನ ನಮ್ಮ ಓಣಿಯಲ್ಲಿ ಹೊಲಿಗೆ ಮಾಡಿ ಮಕ್ಕಳನ್ನು ಸಾಕಿದ ಬೀಬಕ್ಕ ಒಬ್ಬರಿದ್ದರು. ಗಂಡ ಪರವೂರಿನಿಂದ ಕಾಗದ ಬರೆದು ತಲಾಖ್ ಹೇಳಿದ್ದ. ಬಂದ ಮೆಹರು ಒಂದು ಹೊಲಿಗೆ ಯಂತ್ರಕ್ಕೂ ಸಾಲುವಂತಿರಲಿಲ್ಲ. ಅವರು ಅತ್ತದ್ದನ್ನು ನಾನು ನೋಡಲಿಲ್ಲ. ಒಮ್ಮೆ ಕಾಜ ಹಾಕುತ್ತ ಕೇಳಿದ್ದರು, "ನಿಕಾ ಆಗೋ ಮುಂದ ಇಬ್ಬರು ಸಾಕ್ಷಿ ಬೇಕು. ಬಿಡೋ ಮುಂದ ಯಾರೂ ಬ್ಯಾಡೇನವ್ವಾ?" ಕಾನೂನಿನ ಪುಸ್ತಕಗಳನ್ನು ನಾನು ಹುಡುಕಿ ಓದತೊಡಗಿದ್ದು ಈ ಒಂದು ಮಾತಿನಿಂದ.

ಓದಿದಾಗ ಮೊದಲು ತಿಳಿದದ್ದು ನಮ್ಮನ್ನು ನಾವೇ ದೊಡ್ಡವರೆಂದುಕೊಳ್ಳುವ ಹಾಗಿಲ್ಲ ಎಂಬುದು. ಇಸ್ಲಾಮಿನಲ್ಲಿ ಮದುವೆ ಒಂದು ಕರಾರು. ಅದಕ್ಕೆ ಹೆಣ್ಣಿನ ಒಪ್ಪಿಗೆ ಬೇಕು, ಮೆಹರು ಆಕೆಯದೇ ಸೊತ್ತು. ತಂದೆಯ ಆಸ್ತಿಯಲ್ಲಿ ಮಗಳಿಗೆ, ಮಗನ ಅರ್ಧದಷ್ಟಾದರೂ, ನಿಶ್ಚಿತ ಪಾಲನ್ನು ಏಳನೆಯ ಶತಮಾನದಲ್ಲೇ ಕುರಾನು ಹೇಳಿತ್ತು. ಹಿಂದೂ ಹೆಣ್ಣುಮಕ್ಕಳಿಗೆ ದೇಶಕ್ಕೆಲ್ಲ ಒಂದಾದ ವಿಚ್ಛೇದನದ ಕಾನೂನು ಬಂದದ್ದು 1955ರಲ್ಲಿ. ಕರ್ನಾಟಕದಲ್ಲಿ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹಕ್ಕು ಸಿಕ್ಕಿದ್ದು 1994ರ ತಿದ್ದುಪಡಿಯಿಂದ.

ಆದರೆ ಗ್ರಂಥದಲ್ಲಿ ಇದ್ದದ್ದೆಲ್ಲ ಮನೆಗೆ ಬರಲಿಲ್ಲ. ಹಿರೇಕೆರೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಎಷ್ಟೋ ಕಡೆ ರೂಢಿಯ ಹೆಸರಿನಲ್ಲಿ ಹೆಣ್ಣಿನ ಪಾಲು ತಪ್ಪುತ್ತಿತ್ತು. 1937ರ ಶರಿಯತ್ ಕಾಯ್ದೆ ರೂಢಿಯನ್ನು ಬದಿಗೆ ಸರಿಸಿತು, ಆದರೆ ಕೃಷಿ ಭೂಮಿಯನ್ನು ಹೊರಗಿಟ್ಟಿತು. ಹೊಲವೇ ಆಸ್ತಿಯಾದ ನಮ್ಮಂಥ ಸೀಮೆಯಲ್ಲಿ ಹೊಲ ಬಿಟ್ಟರೆ ಉಳಿಯುವುದೇನು? 1939ರ ಇನ್ನೊಂದು ಕಾಯ್ದೆ, ಗಂಡ ಎರಡು ವರ್ಷ ಪೋಷಿಸದಿದ್ದರೆ ಅಥವಾ ಕ್ರೂರಿಯಾಗಿದ್ದರೆ, ಮುಸ್ಲಿಂ ಹೆಂಡತಿ ಕೋರ್ಟಿಗೆ ಹೋಗಿ ಬಿಡುಗಡೆ ಪಡೆಯುವ ದಾರಿ ಮಾಡಿತು.

ಅತ್ತ ಲೋಕದಲ್ಲಿ, 1948ರ ಡಿಸೆಂಬರ್ 10ರಂದು, ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಮೊದಲ ಕಲಮಿನಲ್ಲಿ 'ಎಲ್ಲ ಪುರುಷರು' ಎಂದಿದ್ದುದನ್ನು 'ಎಲ್ಲ ಮನುಷ್ಯರು' ಎಂದು ಮಾಡಿಸಿದವರು ಹಂಸಾ ಮೆಹ್ತಾ, ನಮ್ಮದೇ ಮುಂಬಯಿ ಪ್ರಾಂತದ ವಿಧಾನ ಪರಿಷತ್ತಿನಲ್ಲಿದ್ದವರು. ಮದುವೆಯಲ್ಲಿ ಗಂಡುಹೆಣ್ಣಿಗೆ ಸಮಾನ ಹಕ್ಕು ಎನ್ನುವ 16ನೆಯ ಕಲಮಿಗಾಗಿ ದನಿ ಎತ್ತಿದವರಲ್ಲಿ ಪಾಕಿಸ್ತಾನದ ಬೇಗಂ ಶಾಯಿಸ್ತಾ ಇಕ್ರಮುಲ್ಲಾ ಇದ್ದರು. ಸೌದಿ ಅರೇಬಿಯ ಮತ ಹಾಕದೆ ಉಳಿಯಿತು. ಪಾಕಿಸ್ತಾನ ಪರವಾಗಿ ಮತ ಹಾಕಿತು. ಆದ್ದರಿಂದ 'ಇಸ್ಲಾಂ ಒಂದು ಕಡೆ, ಮಾನವ ಹಕ್ಕು ಇನ್ನೊಂದು ಕಡೆ' ಎನ್ನುವುದು ಚರಿತ್ರೆಗೆ ಒಪ್ಪುವ ಮಾತಲ್ಲ. 1956ರಲ್ಲಿ ಟ್ಯುನಿಸಿಯ ಬಹುಪತ್ನಿತ್ವವನ್ನು ನಿಷೇಧಿಸಿ, ತಲಾಖನ್ನು ಕೋರ್ಟಿನ ಒಳಗೆ ತಂದಿತು. ಅದೂ ಮುಸ್ಲಿಂ ದೇಶವೇ.

ನಮ್ಮಲ್ಲಿ ಬಿರುಗಾಳಿ ಎದ್ದದ್ದು 1985ರಲ್ಲಿ. ಇಂದೋರಿನ ಶಾ ಬಾನು 1932ರಲ್ಲಿ ಮದುವೆಯಾದವರು, ಐದು ಮಕ್ಕಳ ತಾಯಿ. ವಕೀಲನಾದ ಗಂಡ 1978ರಲ್ಲಿ ತಲಾಖ್ ಕೊಟ್ಟ. ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶಕ್ಕಾಗಿ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಐವರು ನ್ಯಾಯಮೂರ್ತಿಗಳು ಆಕೆಯ ಪರ ತೀರ್ಪು ಕೊಟ್ಟರು; ಕುರಾನಿನ ವಚನಗಳನ್ನೂ ಆಧಾರವಾಗಿಟ್ಟರು. ಗದ್ದಲವೆದ್ದಿತು. 1986ರಲ್ಲಿ ಬಂದ ಹೊಸ ಕಾಯ್ದೆ ಗಂಡನ ಹೊಣೆಯನ್ನು ಇದ್ದತ್ತಿನ ಸುಮಾರು ಮೂರು ತಿಂಗಳಿಗೆ ಕಟ್ಟಿಹಾಕಿ, ಆಮೇಲಿನದನ್ನು ತವರಿಗೂ ವಕ್ಫ್ ಮಂಡಳಿಗೂ ಬಿಟ್ಟಿತೆಂದೇ ಎಲ್ಲರೂ ತಿಳಿದರು.

ಅದೇ ದಶಕದ ಮೊದಲಲ್ಲಿ ಕಾಸರಗೋಡಿನ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದಿದ್ದರು. ತಲಾಖಿನ ಕಾಗದಕ್ಕೆ ಬಲಿಯಾದ ನಾದಿರಾಳ ಕಥೆ ಲಂಕೇಶ್ ಪತ್ರಿಕೆಯ ಮೂಲಕ ಮನೆಮನೆಗೆ ಬಂದಿತ್ತು. ಕೋರ್ಟಿನ ತೀರ್ಪು ಓದದವರೂ ಆಕೆಯನ್ನು ಬಲ್ಲರು.

1993ರಲ್ಲಿ ಭಾರತ ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಅಂತರರಾಷ್ಟ್ರೀಯ ಒಪ್ಪಂದವನ್ನು ಸ್ಥಿರೀಕರಿಸಿತು. ಜೊತೆಗೆ ಒಂದು ಹೇಳಿಕೆ ಸೇರಿಸಿತು: ಯಾವುದೇ ಸಮುದಾಯದ ವೈಯಕ್ತಿಕ ವಿಷಯಗಳಲ್ಲಿ, ಆ ಸಮುದಾಯವೇ ಮುಂದಾಗಿ ಒಪ್ಪದೆ, ಸರ್ಕಾರ ಕೈಹಾಕುವುದಿಲ್ಲ. ಅಲ್ಪಸಂಖ್ಯಾತರ ಮನಸ್ಸಿಗೆ ನೋವಾಗಬಾರದೆಂಬ ಕಾಳಜಿ ಸಣ್ಣದಲ್ಲ; ಹೊರಗಿನವರ ಬೆರಳು ತಮ್ಮ ಮನೆಯತ್ತ ಚಾಚಿದಾಗ ಯಾರಿಗಾದರೂ ಬಾಗಿಲು ಹಾಕಿಕೊಳ್ಳಬೇಕೆನಿಸುತ್ತದೆ. ಈ ಸಂಗತಿಯನ್ನು ಬೀಬಕ್ಕನಿಗೆ ಬಿಡಿಸಿ ಹೇಳಿದಾಗ ಅವರೆಂದರು, "ಸಮುದಾಯ ಅಂದ್ರ ಯಾರವ್ವಾ? ನಾನೂ ಅದರಾಗ ಇದ್ದೀನಲ್ಲ. ನನ್ನನ್ನ ಯಾರೂ ಕೇಳಲಿಲ್ಲ."

ಕೇಳಿಸುವಂತೆ ಮಾಡಿದವರು ಅಂಥ ಹೆಂಗಸರೇ. 2001ರಲ್ಲಿ, ಶಾ ಬಾನು ಅವರ ವಕೀಲರಾಗಿದ್ದ ಡ್ಯಾನಿಯಲ್ ಲತೀಫಿಯವರ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟು 1986ರ ಕಾಯ್ದೆಗೆ ಹೊಸ ಅರ್ಥ ಕೊಟ್ಟಿತು: ಮುಂದಿನ ಬಾಳಿಗೂ ನ್ಯಾಯವಾದ ಏರ್ಪಾಟನ್ನು ಗಂಡ ಇದ್ದತ್ತಿನೊಳಗೇ ಮಾಡಬೇಕು. 2017ರಲ್ಲಿ ಶಾಯರಾ ಬಾನು ಮತ್ತಿತರರ ಮೊಕದ್ದಮೆಯಲ್ಲಿ ಒಂದೇ ಉಸಿರಿನ ಮೂರು ತಲಾಖ್ ಬಿದ್ದುಹೋಯಿತು. 2019ರ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲಿನ ಅಪರಾಧ ಮಾಡಿತು. ಗಂಡ ಜೈಲಿಗೆ ಹೋದರೆ ಮಕ್ಕಳ ಅನ್ನ ಎಲ್ಲಿಂದ ಎಂದು ಕೇಳಿದವರಲ್ಲಿ ಹೆಂಗಸರೂ ಇದ್ದರು. ಆ ಪ್ರಶ್ನೆ ತಳ್ಳಿಹಾಕುವಂಥದಲ್ಲ.

2024ರ ಜುಲೈ 10ರಂದು ಸುಪ್ರೀಂ ಕೋರ್ಟು, ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಉಳಿದವರಂತೆ 125ನೆಯ ಕಲಮಿನಡಿ ಜೀವನಾಂಶ ಕೇಳಬಹುದು ಎಂದಿತು. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅವರ ತಂದೆ, ಪಾಂಡವಪುರ ಸೀಮೆಯ ಇ.ಎಸ್. ವೆಂಕಟರಾಮಯ್ಯ, 1985ರ ಶಾ ಬಾನು ಪೀಠದಲ್ಲಿದ್ದರು. ತಂದೆಯ ಕಾಲದ ಮಾತು ಮಗಳ ಕಾಲದಲ್ಲಿ ನಿಲ್ಲಲು ಮೂವತ್ತೊಂಬತ್ತು ವರ್ಷ ಹಿಡಿಯಿತು.

ಅದೇ ಜುಲೈ 1ರಿಂದ ಆ ಕಲಮಿನ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಬಂದಿದೆ. ಅಂಕಿ ಬದಲಾಗಿದೆ, ಹಕ್ಕು ಇದೆ. ನಿಮ್ಮ ಓಣಿಯಲ್ಲಿ ಅಂಥ ಅಕ್ಕ ಯಾರಾದರೂ ಇದ್ದರೆ ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ನಿಕಾನಾಮೆಯ ಒಂದು ಪ್ರತಿಯನ್ನು ತನ್ನ ಟ್ರಂಕಿನಲ್ಲೇ ಇಟ್ಟುಕೊಳ್ಳಲು ಹೇಳಿ. ವಿಶ್ವಸಂಸ್ಥೆಯಲ್ಲಿ ಬರೆದ ಹಕ್ಕಾಗಲಿ, ಗ್ರಂಥದಲ್ಲಿ ಬರೆದ ಹಕ್ಕಾಗಲಿ, ಆಕೆಯ ಕೈಗೆ ಬರುವುದು ಇಂಥ ಸಣ್ಣ ಕಾಗದಗಳಿಂದಲೇ.