ತೋಟೆ, ವಿಷ, ಬಲೆ: ಮೀನಿಗೆ ಕಾಯಿದೆ ಬಂದ ಬಗೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಬಂದು ಉರಿಗಾಂನಲ್ಲಿ ಇಳಿದವರಿಗೆ ಸಮುದ್ರದ ನೆನಪಾಗುವುದು ಕಷ್ಟ. ಇಲ್ಲಿ ಕಣ್ಣಿಗೆ ಬೀಳುವುದು ಗಣಿ ಕಂಪನಿಯ ಹಳೆಯ ಬಂಗಲೆಗಳು ಮತ್ತು ಅದಿರಿನಿಂದ ಚಿನ್ನ ಬಿಡಿಸಿದ ಮೇಲೆ ಉಳಿದ ಮಣ್ಣಿನ ಗುಡ್ಡಗಳು. ಊರಿನವರು ಅವನ್ನು ಸೈನೈಡ್ ದಿಬ್ಬಗಳು ಎನ್ನುತ್ತಾರೆ. ಕಡಲ ಮೀನುಗಾರಿಕೆಯ ಕಾಯಿದೆಗಳ ವಿಚಾರಕ್ಕೆ ಈ ಊರಿನಿಂದಲೇ ಏಕೆ ತೊಡಗಬೇಕು ಎಂದು ಓದುಗರು ಕೇಳಬಹುದು. ಕಾರಣ ಇಷ್ಟೇ. ಈ ಊರು ಯಾವ ಎರಡು ವಸ್ತುಗಳ ಬಲದಿಂದ ಬೆಳೆಯಿತೋ, ಸಿಡಿಮದ್ದು ಮತ್ತು ವಿಷ, ಅವೆರಡನ್ನೂ ಗುರಿಯಾಗಿಟ್ಟುಕೊಂಡೇ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಮೊದಲ ಮೀನಿನ ಕಾಯಿದೆ ಹುಟ್ಟಿತು. ಅದು ೧೮೯೭ರ ಭಾರತೀಯ ಮೀನುಗಾರಿಕೆ ಕಾಯಿದೆ.

ಜಾನ್ ಟೇಲರ್ ಕಂಪನಿಯವರು ೧೮೮೦ರಲ್ಲಿ ಕೋಲಾರದ ಗಣಿಗೆ ಬಂದಾಗ ನೊಬೆಲ್ ಮಹಾಶಯನ ಡೈನಮೈಟಿಗೆ ಹದಿಮೂರು ವರ್ಷ ವಯಸ್ಸು. ಬಂಡೆ ಸೀಳಲು ಅದಕ್ಕಿಂತ ಒಳ್ಳೆಯ ಸಾಧನ ಆಗ ಇರಲಿಲ್ಲ. ಗಣಿಗೆ, ರೈಲು ದಾರಿಗೆ, ಘಟ್ಟದ ರಸ್ತೆಗೆ ಎಂದು ಎಲ್ಲೆಡೆ ಹರಡಿದ ಈ ಮದ್ದು ಹೊಳೆಗೂ ಇಳಿಯಿತು. ತೋಟೆ ಹಾಕುವುದು ಎಂದು ನಮ್ಮಲ್ಲಿ ಹೇಳುವುದು ಇದನ್ನೇ. ಪ್ರಾಣಿಶಾಸ್ತ್ರ ಓದಿದ ನನಗೆ ಇದರ ಕ್ರಮವನ್ನು ಎರಡು ಮಾತಿನಲ್ಲಿ ಹೇಳದೆ ಮುಂದೆ ಹೋಗಲಾಗದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಸಿಡಿತದ ಒತ್ತಡ ಹೆಚ್ಚು ಕುಂದದೆ ದೂರದವರೆಗೆ ಸಾಗುತ್ತದೆ. ಮೀನಿನ ಹೊಟ್ಟೆಯೊಳಗೆ ತೇಲಲು ನೆರವಾಗುವ ಗಾಳಿಚೀಲವಿದೆ. ಆ ಒತ್ತಡಕ್ಕೆ ಮೊದಲು ಒಡೆಯುವುದು ಅದೇ. ಚೀಲ ಒಡೆದ ಮೀನುಗಳಲ್ಲಿ ಬಹುಪಾಲು ಮುಳುಗುತ್ತವೆ. ತೋಟೆ ಎಸೆದವನ ಕೈಗೆ ಸಿಗುವುದು ತೇಲಿಬಂದ ಕೆಲವು ಮಾತ್ರ. ಉಳಿದವು, ಮರಿಗಳೂ ಸೇರಿ, ಮಡುವಿನ ತಳದಲ್ಲಿ ಕೊಳೆಯುತ್ತವೆ.

ವಿಷದ ಕಥೆ ಇನ್ನೂ ಹಳೆಯದು. ಕಾಕಮಾರಿಯ ಬೀಜ, ಕಾರೆಕಾಯಿ ಮುಂತಾದವನ್ನು ಜಜ್ಜಿ ಬೇಸಿಗೆಯ ಮಡುಗಳಿಗೆ ಹಾಕಿ ಮೀನನ್ನು ಮತ್ತುಗೊಳಿಸಿ ಹಿಡಿಯುವುದು ಘಟ್ಟದ ಊರುಗಳಲ್ಲಿ ರೂಢಿಯಲ್ಲಿತ್ತು. ಇದನ್ನು ಸರ್ಕಾರದ ಕಡತಕ್ಕೆ ತಂದವರಲ್ಲಿ ಮುಖ್ಯನಾದವನು ನಮ್ಮ ಕರಾವಳಿಯಲ್ಲೇ ಅಧಿಕಾರದಲ್ಲಿದ್ದ ಹೆನ್ರಿ ಸಲಿವಾನ್ ಥಾಮಸ್. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಈತ ಆ ಜಿಲ್ಲೆಯ ಮೀನು ಸಾಕಣೆಯ ಮೇಲೆ ಬರೆದ ವರದಿ ೧೮೭೦ರಲ್ಲಿ ಅಚ್ಚಾಯಿತು. ಮೂರು ವರ್ಷಗಳ ನಂತರ ಮಂಗಳೂರಿನಲ್ಲಿ ಪ್ರಕಟವಾದ ಅವನ 'ದಿ ರಾಡ್ ಇನ್ ಇಂಡಿಯಾ' ಗಾಳ ಹಾಕುವವರ ನೆಚ್ಚಿನ ಪುಸ್ತಕವಾಯಿತು. ಥಾಮಸನಿಗೆ ಮಹಸೀರ್ ಮೀನೆಂದರೆ ಪ್ರಾಣ. ಅದೇ ೧೮೭೩ರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ, ಮುಂದೆ 'ದಿ ಫಿಶಸ್ ಆಫ್ ಇಂಡಿಯಾ' ಬರೆದವನು, ಇಡೀ ದೇಶದ ಸಿಹಿನೀರು ಮತ್ತು ಕಡಲ ಮೀನುಗಾರಿಕೆಗಳ ಮೇಲೆ ವರದಿಗಳನ್ನು ಸಲ್ಲಿಸಿದ. ಕಾಯಿದೆಯ ಬೇರಿನಲ್ಲಿ ದೊರೆಗಳ ಗಾಳದ ಹವ್ಯಾಸವೂ ಇತ್ತು ಎಂದು ಹೇಳಿದರೆ ಅದು ನಿಂದೆಯಲ್ಲ. ಮೀನು ಕಡಿಮೆಯಾಗುತ್ತಿದೆ ಎಂದು ಅವರು ಕಂಡದ್ದಂತೂ ಸುಳ್ಳಲ್ಲ. ಆದರೂ ವರದಿಯಿಂದ ಕಾಯಿದೆಗೆ ದಾರಿ ಸವೆಯಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು.

೧೮೯೭ರ ಕಾಯಿದೆ ಪುಟ್ಟದು, ಏಳು ಕಲಮುಗಳು. ಮೀನು ಹಿಡಿಯುವ ಅಥವಾ ಕೊಲ್ಲುವ ಉದ್ದೇಶದಿಂದ ಯಾವುದೇ ನೀರಿನಲ್ಲಿ ಡೈನಮೈಟ್ ಅಥವಾ ಬೇರೆ ಸಿಡಿಮದ್ದು ಬಳಸಿದವನಿಗೆ ಎರಡು ತಿಂಗಳವರೆಗೆ ಸೆರೆ, ಇಲ್ಲವೆ ೨೦೦ ರೂಪಾಯಿವರೆಗೆ ದಂಡ. ವಿಷ, ಸುಣ್ಣ ಹಾಕಿದವನಿಗೂ ಅಷ್ಟೇ. 'ನೀರು' ಎಂಬ ಮಾತಿನಲ್ಲಿ ದಡದಿಂದ ಒಂದು ಲೀಗ್, ಅಂದರೆ ಮೂರು ನಾಟಿಕಲ್ ಮೈಲಿವರೆಗಿನ ಕಡಲೂ ಸೇರಿತ್ತು. ಇವತ್ತಿನ ಲೆಕ್ಕದಲ್ಲಿ ಸುಮಾರು ಐದೂವರೆ ಕಿಲೋಮೀಟರ್.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಉರಿಗಾಂ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಬ್ರಿಟಿಷ್ ಇಂಡಿಯಾದ ಕಾಯಿದೆ ಇಲ್ಲಿಗೆ ತಾನಾಗಿ ಬರುವಂತಿರಲಿಲ್ಲ. ಬೇಟೆಯ ಪ್ರಾಣಿಗಳನ್ನೂ ಮೀನನ್ನೂ ಕಾಪಾಡಲು ಸಂಸ್ಥಾನ ೧೯೦೧ರಲ್ಲಿ ತನ್ನದೇ ರೆಗ್ಯುಲೇಷನ್ ತಂದಿತು. ಎರಡನೆಯದು ಇನ್ನೂ ಮುಖ್ಯ. ಬ್ರಿಟಿಷ್ ಕಾಯಿದೆಯ ಪ್ರಾಣವಿರುವುದು 'ಉದ್ದೇಶ' ಎಂಬ ಒಂದು ಪದದಲ್ಲಿ. ಒಬ್ಬ ಹಳ್ಳಿಗ ಸಾರಿಗೆ ಮೀನು ಬೇಕೆಂದು ಒಂದು ಹಿಡಿ ಕಾಕಮಾರಿ ಹಾಕಿದರೆ ಅಪರಾಧ. ಅದೇ ಒಂದು ಗಣಿಯೋ ಕಾರ್ಖಾನೆಯೋ ದಿನವೂ ವಿಷದ ನೀರನ್ನು ಹೊರಗೆ ಬಿಟ್ಟರೆ, ಅದರ ಉದ್ದೇಶ ಮೀನು ಕೊಲ್ಲುವುದಲ್ಲವಲ್ಲ! ಆ ಪ್ರಶ್ನೆಯನ್ನು ಈ ಕಾಯಿದೆ ಕೇಳಲೇ ಇಲ್ಲ. ಗಣಿಗೆ ಕುಡಿಯುವ ನೀರು ಕೊಟ್ಟ ಬೇತಮಂಗಲದ ಕೆರೆ ಇರುವುದು ಪಾಲಾರ್ ನದಿಯ ಮೇಲೆ. ಪಾಲಾರ್ ತಮಿಳುನಾಡನ್ನು ಹಾದು ಕಲ್ಪಾಕ್ಕಂ ಸಮೀಪ ಬಂಗಾಳ ಕೊಲ್ಲಿ ಸೇರುತ್ತದೆ. ಕಡಲಿಲ್ಲದ ಊರೂ ಕಡಲಿಗೆ ಹೊರತಲ್ಲ. ನೀರಿಗೆ ಬಿಡುವ ಕೊಳೆಯನ್ನು ಅದರ ಮಟ್ಟಿಗೇ ನಿಯಂತ್ರಿಸುವ ದೇಶವ್ಯಾಪಿ ಕಾಯಿದೆ ಬಂದದ್ದು ೧೯೭೪ರಲ್ಲಿ. ಗಣಿ ಮುಚ್ಚಿದ್ದು ೨೦೦೧ರ ಫೆಬ್ರುವರಿ ೨೮ರಂದು.

ಉದ್ದೇಶವಿದ್ದವರನ್ನಾದರೂ ಕಾಯಿದೆ ತಡೆಯಿತೇ? ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿವೆ. ಥಾಮಸನ ಮೆಚ್ಚಿನ ಮಹಸೀರ್ ಜಾತಿಯವೇ. ಅವನ್ನು ಯಾರೂ ಹಿಡಿಯುವುದಿಲ್ಲ, ಬಂದವರು ಅಕ್ಕಿ, ಪುರಿ ಹಾಕಿ ಕೈಮುಗಿಯುತ್ತಾರೆ. ೧೯೯೬ರಲ್ಲಿ ಕಿಡಿಗೇಡಿಗಳು ಹಾಕಿದ ವಿಷಕ್ಕೆ ಅಲ್ಲಿ ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ. ನೂರು ವರ್ಷಗಳ ಕಾಯಿದೆಗಿಂತ ದೇವರ ಭಯವೇ ಆ ಹೊಳೆಯನ್ನು ಹೆಚ್ಚು ಕಾಲ ಕಾದಿತ್ತೆಂದು ನನ್ನ ಭಾವನೆ.

ಈಗ ಕಡಲಿಗೆ ಬರೋಣ. ಮೈಸೂರು ರಾಜ್ಯಕ್ಕೆ ಕಡಲು ಸಿಕ್ಕಿದ್ದು ೧೯೫೬ರ ನವೆಂಬರ್ ೧ರಂದು. ಅಲ್ಲಿಯವರೆಗೆ ಕಾರವಾರದ ಕಡೆ ಮುಂಬಯಿಯ ಆಡಳಿತ, ಮಂಗಳೂರಿನ ಕಡೆ ಮದರಾಸಿನ ಆಡಳಿತ. ಏಕೀಕರಣದಲ್ಲಿ ಎರಡೂ ಒಂದಾದವು, ಕಾಸರಗೋಡು ಕೇರಳಕ್ಕೆ ಹೋಯಿತು. ಹೀಗೆ ನಮ್ಮದಾದ ಸುಮಾರು ೩೦೦ ಕಿಲೋಮೀಟರ್ ಕರಾವಳಿಯಲ್ಲಿ ಆಗ ರಾಜ್ಯಭಾರ ಮಾಡುತ್ತಿದ್ದುದು ರಂಪಣಿ ಬಲೆ.

ರಂಪಣಿಯನ್ನು ಕಂಡವರು ಮರೆಯುವುದಿಲ್ಲ. ಒಂದು ತುದಿ ದಡದಲ್ಲಿ; ಇನ್ನೊಂದನ್ನು ದೋಣಿಯಲ್ಲಿ ಕೊಂಡೊಯ್ದು, ಬಂಗುಡೆಯ ಹಿಂಡನ್ನು ದೊಡ್ಡ ಅರ್ಧಚಂದ್ರದಂತೆ ಬಳಸಿ ಮತ್ತೆ ದಡಕ್ಕೆ ತರುತ್ತಾರೆ. ಆಮೇಲೆ ಎರಡೂ ತುದಿಗಳಿಂದ ಎಳೆತ. ಎಳೆಯಲು ಹತ್ತಾರು ಜನ ಬೇಕು, ದೊಡ್ಡ ಬಲೆಯಾದರೆ ಎಂಬತ್ತಕ್ಕೂ ಹೆಚ್ಚು. ಬಲೆಯೂ ಒಬ್ಬನದಲ್ಲ, ತುಂಡು ತುಂಡಾಗಿ ಹಲವು ಮನೆಗಳದು. ಅಷ್ಟು ಜನ ಸೇರಬೇಕಾದರೆ ಕಟ್ಟುಕಟ್ಟಳೆ ಬೇಕೇ ಬೇಕು. ಯಾರ ಬಲೆ ಮೊದಲು ನೀರಿಗಿಳಿಯಬೇಕು, ಯಾರಿಗೆ ಎಷ್ಟು ಪಾಲು ಎಂಬುದೆಲ್ಲ ಊರಿನ ಹಿರಿಯರ ಮಾತಿನಲ್ಲಿ ನಡೆಯುತ್ತಿತ್ತು. ಮೊಗವೀರರು, ಖಾರ್ವಿಗಳು, ಹರಿಕಂತ್ರರು ತಮ್ಮ ತಮ್ಮ ಕಡೆ ಪಾಲಿಸುತ್ತಿದ್ದ ಈ ಕಟ್ಟಳೆಗಳು ಯಾವ ಗೆಜೆಟ್ಟಿನಲ್ಲೂ ಅಚ್ಚಾಗಿರಲಿಲ್ಲ. ಮೀನು ಹಿಡಿಯದ ಕಾಲವನ್ನು ನಿಗದಿ ಮಾಡಲೂ ಅಧಿಕಾರಿ ಬೇಕಿರಲಿಲ್ಲ. ಮುಂಗಾರಿನ ಅಲೆಯೇ ಕಡಲಿಗೆ ಬೀಗ ಹಾಕುತ್ತಿತ್ತು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆ ಬೀಗ ತೆಗೆದಂತೆ. ಇದನ್ನು ಸುವರ್ಣಯುಗವೆಂದು ಕೊಂಡಾಡಬೇಕಾಗಿಲ್ಲ. ಬಡತನ ಅಲ್ಲೂ ಇತ್ತು, ಬಂಗುಡೆ ಬಾರದ ವರ್ಷಗಳೂ ಇದ್ದವು.

ಸ್ವಾತಂತ್ರ್ಯಾನಂತರ ಸರ್ಕಾರದ ಗುರಿ ಒಂದೇ: ಹೆಚ್ಚು ಮೀನು. ೧೯೫೨ರಲ್ಲಿ ಕೇರಳದ ಕಡೆ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ ೧೯೬೩ರಲ್ಲಿ ಕಾರವಾರಕ್ಕೂ ಬಂತು. ಯಂತ್ರದೋಣಿ ಬಂತು, ತಳ ಗೋರುವ ಟ್ರಾಲ್ ಬಲೆ ಬಂತು, ಸಿಗಡಿಗೆ ಪರದೇಶದ ಬೆಲೆ ಬಂತು. ಎಪ್ಪತ್ತರ ದಶಕದ ನಡುವೆ ಬಂದದ್ದು ಪರ್ಸ್‌ಸೀನ್, ನಮ್ಮ ಕರಾವಳಿಯ ಬಾಯಲ್ಲಿ ಪರ್ಸಿನ್. ಇದು ಆಳದ ನೀರಿನಲ್ಲೇ ಹಿಂಡನ್ನು ಸುತ್ತುವರಿದು, ಬಲೆಯ ತಳವನ್ನು ಎಲೆಅಡಿಕೆ ಸಂಚಿಯ ದಾರ ಎಳೆದಂತೆ ಬಿಗಿದುಬಿಡುತ್ತದೆ. ರಂಪಣಿಯವನು ಹಿಂಡು ದಡಕ್ಕೆ ಬರಲೆಂದು ಕಾಯಬೇಕು, ಪರ್ಸಿನ್‌ನವನು ಕಾಯಬೇಕಾಗಿಲ್ಲ. ದಡದಲ್ಲಿ ಹಗ್ಗ ಹಿಡಿದು ನಿಂತವರು ಮೀನು ತಮ್ಮ ಕಣ್ಣೆದುರೇ ದೂರದಲ್ಲಿ ಬೇರೆಯವರ ದೋಣಿ ಏರುವುದನ್ನು ಕಂಡರು. ಎಪ್ಪತ್ತರ ದಶಕದ ಕೊನೆಯಲ್ಲಿ ಜಗಳವಾಯಿತು, ಕಡಲಲ್ಲೂ ಬೀದಿಯಲ್ಲೂ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ರಂಪಣಿಯವರೇ ಗುಂಪು ಕಟ್ಟಿಕೊಂಡು ಪರ್ಸಿನ್ ದೋಣಿ ಕೊಂಡದ್ದೂ ಉಂಟು. ಸೋತವರು, ಗೆದ್ದವರು ಎಂದು ಗೆರೆ ಎಳೆದಂತೆ ಹೇಳಲಾಗದು. ಆದರೆ ಹಗ್ಗ ಎಳೆದು ಪಾಲು ಪಡೆಯುತ್ತಿದ್ದ, ಬಂಡವಾಳವಿಲ್ಲದ ಮನೆಗಳು ಈ ಲೆಕ್ಕದಿಂದ ಹೊರಗುಳಿದವು.

ಇಂಥ ಜಗಳ ಗೋವೆ, ಕೇರಳ, ತಮಿಳುನಾಡುಗಳಲ್ಲೂ ನಡೆದಿತ್ತು. ಕೇಂದ್ರ ಸರ್ಕಾರ ೧೯೭೬ರಲ್ಲಿ ಮಜುಂದಾರ್ ಸಮಿತಿಯನ್ನು ನೇಮಿಸಿತು. ೧೯೭೯ರಲ್ಲಿ ಮಾದರಿ ಮಸೂದೆಯೊಂದು ರಾಜ್ಯಗಳಿಗೆ ಬಂತು. ಕೇರಳ, ಗೋವೆಗಳು ೧೯೮೦ರಲ್ಲಿ, ತಮಿಳುನಾಡು ೧೯೮೩ರಲ್ಲಿ ಕಾಯಿದೆ ಮಾಡಿದವು. ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯಿದೆ ಬಂದದ್ದು ೧೯೮೬ರಲ್ಲಿ. ಯಾವ ರಂಪಣಿಯ ಜಗಳ ಇಂಥ ಕಾಯಿದೆ ಬೇಕೆಂದು ತೋರಿಸಿಕೊಟ್ಟಿತ್ತೋ, ಆ ರಂಪಣಿ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿತ್ತು. ಕಿರುತೆರೆಯ ಮೇಲೆ ರಂಪಣಿ ಎಳೆಯುವುದನ್ನು ತೋರಿಸಿದರೆ ಸೊಗಸು. ಈ ಏಳು ವರ್ಷಗಳ ತಡವನ್ನು ಯಾವ ಕ್ಯಾಮರಾದಲ್ಲಿ ಹಿಡಿಯುವುದು?

ಈ ಕಾಯಿದೆಗಳು ೧೮೯೭ರದಕ್ಕಿಂತ ಬೇರೆಯೇ ಬಗೆಯವು. ಯಾವ ಪ್ರದೇಶದಲ್ಲಿ, ಯಾವ ಕಾಲದಲ್ಲಿ, ಯಾವ ಬಲೆಯಿಂದ, ಎಷ್ಟು ದೋಣಿಗಳು ಮೀನು ಹಿಡಿಯಬಹುದು ಎಂದು ಸರ್ಕಾರ ಆದೇಶ ಹೊರಡಿಸಬಹುದು. ಹಾಗೆ ಮಾಡುವಾಗ ನೋಡಬೇಕಾದ ಸಂಗತಿಗಳನ್ನು ಮಾದರಿ ಮಸೂದೆ ಹೆಸರಿಸಿತ್ತು: ನಾಡದೋಣಿಯವರ ಹಿತ, ವೈಜ್ಞಾನಿಕ ತಳಹದಿಯ ಮೇಲೆ ಮೀನಿನ ಸಂರಕ್ಷಣೆ, ಮತ್ತು ಕಡಲಿನಲ್ಲಿ ಶಾಂತಿ ಸುವ್ಯವಸ್ಥೆ. ಕೊನೆಯ ಮಾತಿನಲ್ಲಿ ಆ ಕಾಲದ ಹೊಡೆದಾಟಗಳ ಸದ್ದು ಇನ್ನೂ ಕೇಳುತ್ತದೆ. ಕೇರಳ ತನ್ನ ಕಡಲಂಚಿನಲ್ಲಿ ಪರ್ಸ್‌ಸೀನ್ ನಿಷೇಧಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ ೧೯೯೩ರಲ್ಲಿ ಎತ್ತಿಹಿಡಿಯಿತು. ಹೆಚ್ಚು ಹಿಡಿಯುವವನ ಹಕ್ಕಿಗೆ ಕಡಿಮೆ ಹಿಡಿಯುವವನ ಬದುಕು ಮಿತಿಯಾಗಬಲ್ಲದು ಎಂಬುದು ಅದರ ತಾತ್ಪರ್ಯ.

ಆದರೆ ರಾಜ್ಯದ ಕೈ ಹನ್ನೆರಡು ನಾಟಿಕಲ್ ಮೈಲಿಗೆ, ಸುಮಾರು ೨೨ ಕಿಲೋಮೀಟರಿಗೆ, ನಿಲ್ಲುತ್ತದೆ. ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ ೨೧ನೆಯ ಬಾಬು. ಅದರಾಚೆಯ ಕಡಲಿನ ಮೀನುಗಾರಿಕೆ ಕೇಂದ್ರಪಟ್ಟಿಯ ೫೭ನೆಯದು. ೧೯೭೬ರ ಕಡಲ ವಲಯಗಳ ಕಾಯಿದೆ ಇನ್ನೂರು ಮೈಲಿಯವರೆಗಿನ ಮೀನಿನ ಮೇಲೆ ಭಾರತದ ಹಕ್ಕನ್ನು ಸಾರಿತು. ಆದರೆ ಮೀನಿಗೆ ಈ ಗೆರೆ ಗೊತ್ತಿಲ್ಲ. ದೋಣಿಗೆ ಗೊತ್ತು; ಒಳಗೆ ನಿಷೇಧವಿದ್ದರೆ ಹೊರಗೆ ಹಿಡಿದೆನೆನ್ನಬಹುದು. ರಾತ್ರಿ ಪ್ರಖರ ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನೂ, ಎರಡು ದೋಣಿಗಳ ನಡುವೆ ಒಂದೇ ಬಲೆ ಕಟ್ಟಿ ಎಳೆಯುವ ಬುಲ್ ಟ್ರಾಲಿಂಗನ್ನೂ ಆಚೆಯ ಕಡಲಿನಲ್ಲಿ ನಿಷೇಧಿಸಲು ೨೦೧೭ರ ನವೆಂಬರಿನಲ್ಲಿ ಕೇಂದ್ರವೇ ಆದೇಶ ಹೊರಡಿಸಬೇಕಾಯಿತು.

ಮುಂಗಾರಿನ ಬೀಗವೂ ಈಗ ಸರ್ಕಾರದ ಕೈಯಲ್ಲಿದೆ. ದೊಡ್ಡ ಎಂಜಿನ್ನಿಗೆ ಅಲೆಯ ಹೆದರಿಕೆಯಿಲ್ಲವಾದ್ದರಿಂದ ಮೀನಿನ ಸಂತಾನದ ಕಾಲವನ್ನು ಕಾಗದದ ಮೇಲೆ ಬರೆದು ಕಾಯಬೇಕಾಗಿದೆ. ೨೦೧೫ರಿಂದ ಇದಕ್ಕೆ ೬೧ ದಿನ. ಪಶ್ಚಿಮ ಕರಾವಳಿಗೆ ಜೂನ್ ೧ರಿಂದ ಜುಲೈ ೩೧, ಪೂರ್ವ ಕರಾವಳಿಗೆ ಏಪ್ರಿಲ್ ೧೫ರಿಂದ ಜೂನ್ ೧೪. ಕರ್ನಾಟಕದಲ್ಲಿ ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಎರಡು ಕಡಲುಗಳ ನಡುವೆ ಇರುವ ಉರಿಗಾಂನವರಿಗೆ ಇದರಲ್ಲೊಂದು ವಿಶೇಷವುಂಟು. ಜೂನ್ ಮೊದಲ ಹದಿನಾಲ್ಕು ದಿನ ಮದರಾಸಿನ ಕಡೆಯ ಯಂತ್ರದೋಣಿಗಳೂ ಮಂಗಳೂರಿನ ಕಡೆಯ ಯಂತ್ರದೋಣಿಗಳೂ ಒಟ್ಟಿಗೇ ದಡದಲ್ಲಿರುತ್ತವೆ. ಆ ಎರಡು ವಾರ ಸಾರಿಗೆ ಆಗಬೇಕಾದದ್ದು ಹೆಚ್ಚಾಗಿ ಕೆರೆಯ ಮೀನು, ಇಲ್ಲವೆ ಕರುವಾಡು.