ಬೆಟ್ಟಕ್ಕಿಂತ ಮೊದಲು ಬೇಲಿ

ತುಮಕೂರಿನಲ್ಲಿ ಗಿಡಮೂಲಿಕೆ ಎಂದ ಕೂಡಲೇ ಜನ ಬೆಟ್ಟದ ಕಡೆ ಕೈ ತೋರಿಸುತ್ತಾರೆ. ಕೊರಟಗೆರೆ ತಾಲ್ಲೂಕಿನ ಸಿದ್ಧರ ಬೆಟ್ಟದಲ್ಲಿ ಸಿದ್ಧರು ತಪಸ್ಸು ಮಾಡಿದರು, ಅಲ್ಲಿ ಸಿಗದ ಮೂಲಿಕೆಯೇ ಇಲ್ಲ ಎಂಬ ನಂಬಿಕೆ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯಲ್ಲಿ ಅರಣ್ಯ ಇಲಾಖೆಯ ಔಷಧಿ ಸಸ್ಯವನವಿದೆ. ಶಾಲೆಯ ಮಕ್ಕಳನ್ನೋ ನಗರದ ಆಸಕ್ತರನ್ನೋ ಗಿಡ ಗುರುತಿಸಲು ಕರೆದೊಯ್ಯುವವರು ಅಲ್ಲಿಂದ ನಡಿಗೆ ಶುರುಮಾಡುವುದು ಸಹಜ. ಆದರೆ ಇಲ್ಲಿನ ಮದ್ದಿನ ಗಿಡಗಳ ತಿಳಿವಳಿಕೆ ಬೆಳೆದುಬಂದದ್ದು ಬಹುಮಟ್ಟಿಗೆ ಊರಂಚಿನಲ್ಲಿ, ಅಂದರೆ ಬೇಲಿ, ಬದು, ಕೆರೆ ಏರಿ, ಗೋಮಾಳ, ಕಾವಲುಗಳಲ್ಲಿ. ಹಾಗಾಗಿ ಗಿಡ ಪರಿಚಯದ ನಡಿಗೆ ಶೆಟ್ಟಿಹಳ್ಳಿಯಂಥ, ನಗರದೊಳಗೆ ಕರಗಿಹೋದ ಹಳ್ಳಿಯಿಂದಲೇ ಹೊರಡಬೇಕು ಎಂಬುದು ನನ್ನ ವಾದ.

ಮನೆಮದ್ದಿನ ಗಿಡಗಳ ಹೆಸರು ಒಂದೊಂದಾಗಿ ನೆನೆದರೆ ಸಾಕು, ಅವುಗಳ ವಿಳಾಸವೂ ಜೊತೆಗೇ ಬರುತ್ತದೆ. ಕೆಮ್ಮಿಗೆ ಬಳಸುವ ಆಡುಸೋಗೆ, ಆಡು ಬಾಯಿ ಹಾಕುವುದಿಲ್ಲವೆಂದು ಹೊಲದ ಬೇಲಿಗೆ ನೆಟ್ಟ ಗಿಡ. ಬಾಣಂತಿಯ ನೀರಿಗೂ ನೆಗಡಿಯ ಹಬೆಗೂ ಬೇಕಾದ ಲಕ್ಕಿ ಹಳ್ಳದ ದಡದ್ದು. ಗರುಗ, ಒಂದೆಲಗ ಕೆರೆಯ ಕೆಳಗಿನ ತೇವದಲ್ಲಿ, ಕಾಮಾಲೆಯ ನೆಲನೆಲ್ಲಿ ಮಳೆ ಬಿದ್ದ ಹೊಲದಲ್ಲಿ, ತುಂಬೆ, ಉತ್ತರಾಣಿ ದಾರಿಯ ಪಕ್ಕದಲ್ಲಿ. ಇವನ್ನು ಯಾರೂ ಯಾರಿಗೂ ಪಾಠ ಮಾಡಿ ಹೇಳಿಕೊಟ್ಟಿರಲಿಲ್ಲ; ದನ ಕಾಯುತ್ತ, ಕಳೆ ಕೀಳುತ್ತ, ಬಾಣಂತನ ಮಾಡುತ್ತ ಗುರುತು ಹತ್ತುತ್ತಿತ್ತು. ಅದರಲ್ಲೂ ದನದ ಪಾತ್ರ ದೊಡ್ಡದು. ಕನ್ನಡದ ಹಳೆಯ ವೈದ್ಯಗ್ರಂಥಗಳಲ್ಲೊಂದು 12ನೆಯ ಶತಮಾನದ ‘ಗೋವೈದ್ಯ’. ಅದನ್ನು ಬರೆದವನು ಚಾಲುಕ್ಯ ರಾಜಪುತ್ರ ಕೀರ್ತಿವರ್ಮ. ಅರಮನೆಯವನೊಬ್ಬ ಹಸುವಿನ ರೋಗಕ್ಕೆ ಕನ್ನಡದಲ್ಲೇ ಮದ್ದು ಬರೆಯಬೇಕೆನಿಸಿದ್ದು ಆ ವಿದ್ಯೆಗೆ ಕೊಟ್ಟಿಗೆಯೊಡನಿದ್ದ ನಂಟನ್ನು ಹೇಳುತ್ತದೆ. ಈ ಜಿಲ್ಲೆಯಲ್ಲಂತೂ ಆ ನಂಟಿಗೆ ನೆಲದ ಮೇಲೆಯೇ ಗುರುತಿದೆ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಹೆಸರು ಉಳಿದಿರುವುದು ದೇವರಾಯನದುರ್ಗದಲ್ಲಿ ಮಾತ್ರವಲ್ಲ. ಅರಮನೆಯ ದನಗಳಿಗಾಗಿ ಅವರು ನಡೆಸಿದ ಬೆಣ್ಣೆ ಚಾವಡಿಯೇ ಮುಂದೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಕಾವಲುಗಳು ಅದರ ಮೇವಿನ ನೆಲ. 1800ರಲ್ಲಿ ಈ ಸೀಮೆಗೆ ಬಂದ ಫ್ರಾನ್ಸಿಸ್ ಬುಕಾನನ್ ತಾನೇ ವೈದ್ಯ, ಸಸ್ಯಗಳನ್ನು ಬಲ್ಲವನು. ಅಂಥವನೂ ಇಲ್ಲಿ ಬೆಳೆಯ ಜೊತೆಗೆ ದನಕರು, ಮೇವು, ಕಾಡುಗೊಲ್ಲರ ಬದುಕನ್ನು ಕುರಿತು ಪುಟಗಟ್ಟಲೆ ಬರೆದ.

ನಡಿಗೆ ಊರಂಚಿನಿಂದ ಹೊರಡಬೇಕೆಂಬ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಊರಂಚಿನ ಗಿಡಗಳು ಎಲ್ಲೆಲ್ಲೂ ಸಿಗುವಂಥವು, ಅಪರೂಪದವು ಬೆಟ್ಟದಲ್ಲೇ ಉಳಿದಿವೆ, ಉಳಿಸಬೇಕಾದದ್ದೂ ಅವನ್ನೇ ಎನ್ನುವವರಿದ್ದಾರೆ. ಮಾಗಳಿ ಬೇರನ್ನು ನೋಡಿದರೆ ಈ ಮಾತು ನಿಜ. ಒಣಬೆಟ್ಟದ ಬಂಡೆ ಸಂದಿಯಲ್ಲಿ ಹಬ್ಬುವ ಈ ಬಳ್ಳಿಯ ಬೇರು ಉಪ್ಪಿನಕಾಯಿಗೆ ಹೆಸರಾದದ್ದು. ಬೇರಿಗಾಗಿ ಅಗೆದರೆ ಬಳ್ಳಿಯೇ ಹೋಗುತ್ತದೆ, ಹಾಗೆ ಅಗೆದೂ ಅಗೆದೂ ಅದು ಅಳಿವಿನ ಅಂಚಿಗೆ ಬಂದಿದೆ. 1993ರಿಂದ ಈಚೆಗೆ ಅರಣ್ಯ ಇಲಾಖೆ, ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯೊಡನೆ ಸೇರಿ ರಾಜ್ಯದಲ್ಲಿ ಗುರುತಿಸಿದ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ದೇವರಾಯನದುರ್ಗವೂ ಇದೆ. ಬೇಕಾದ ಕೆಲಸವೇ. ಆದರೆ ಬೆಟ್ಟಕ್ಕೆ ಕಾನೂನು ಇದೆ, ಕಾವಲುಗಾರನಿದ್ದಾನೆ, ಊರಂಚಿಗೆ ಯಾರಿದ್ದಾರೆ? ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು ರಾಜ್ಯದ ಭೂಕಂದಾಯ ನಿಯಮ ಹೇಳುತ್ತದೆ. ಲೆಕ್ಕ ಕಟ್ಟಿರುವುದು ದನದ ತಲೆಯ ಮೇಲೆ. ಊರು ನಗರವಾಗಿ ದನ ಕಡಿಮೆಯಾದಂತೆ ಹುಲ್ಲುಗಾವಲನ್ನು ಕೇಳುವವರೂ ಇಲ್ಲವಾಗುತ್ತಾರೆ. ಅಲ್ಲಿದ್ದ ಉತ್ತರಾಣಿಗೆ, ನೆಲನೆಲ್ಲಿಗೆ ಯಾವ ನಿಯಮದಲ್ಲೂ ಜಾಗವಿಲ್ಲ. ಸಾಮಾನ್ಯ ಗಿಡ ಎಲ್ಲಿಯೂ ಸಿಗುತ್ತದೆ ಎಂಬ ಧೈರ್ಯವೇ ಅದನ್ನು ಮೊದಲು ಕಳೆಯುತ್ತದೆ. ಜಗತ್ತಿನ ಯಾವುದೋ ಮೂಲೆಯಲ್ಲಿ ಗರುಗ ಉಳಿದಿದ್ದರೆ ಶೆಟ್ಟಿಹಳ್ಳಿಯ ಮಗುವಿಗೆ ಅದರ ಗುರುತು ಸಿಕ್ಕಂತಾಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು: ಬೀದಿ ಬದಿಯ ಗಿಡ ತೋರಿಸಿ ಇದು ಇಂಥ ರೋಗಕ್ಕೆ ಮದ್ದು ಎಂದು ಹೇಳುವುದು ಅಪಾಯಕರವಲ್ಲವೇ? ಹೌದು, ಅಪಾಯಕರವೇ. ಮಳೆಗಾಲದಲ್ಲಿ ಬೇಲಿಗೆ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷವಿದೆ, ಗೆಣಸೆಂದು ತಿಂದರೆ ಪ್ರಾಣ ಹೋಗಬಹುದು. ಗುಲಗಂಜಿಯ ಬೀಜ ಅಗಿದರೆ ಮಾರಕ, ಎಕ್ಕದ ಹಾಲು ಕಣ್ಣಿಗೆ ಕೆಡುಕು. ಇದೇ ಕಾರಣಕ್ಕೆ ಗುರುತು ಹಿಡಿಯುವ ವಿದ್ಯೆ ಬೇಕು ಎನ್ನುತ್ತೇನೆ. ಸುಮಾರು 1360ರ ಹೊತ್ತಿಗೆ ಮಂಗರಾಜ ‘ಖಗೇಂದ್ರಮಣಿದರ್ಪಣ’ ಬರೆದಾಗ ಪ್ರಾಣಿಗಳ ವಿಷದ ಜೊತೆಗೆ ಗಿಡಗಳ ವಿಷವನ್ನೂ ವಿಚಾರಮಾಡಿದ. ಮದ್ದನ್ನೂ ನಂಜನ್ನೂ ಒಂದೇ ತಿಳಿವಳಿಕೆಯ ಎರಡು ಮಗ್ಗುಲಾಗಿ ನೋಡುವ ವೈದ್ಯಕ್ಕೆ ಕನ್ನಡದಲ್ಲಿ ಇಷ್ಟು ಹಳೆಯ ದಾಖಲೆಯಿದೆ. ನಡಿಗೆ ಕರೆದೊಯ್ಯುವವರು ರೋಗ-ಔಷಧಿಯ ಪಟ್ಟಿ ಒಪ್ಪಿಸಬೇಕಿಲ್ಲ. ಎಲೆಯ ಜೋಡಣೆ, ಹೂವಿನ ಕಾಲ, ಕಿವುಚಿದಾಗ ಬರುವ ವಾಸನೆ, ಅದನ್ನೇ ಹೋಲುವ ನಂಜಿನ ಗಿಡ ಇವನ್ನು ತೋರಿಸಿದರೆ ಸಾಕು; ಮದ್ದು ಕೊಡುವ ಕೆಲಸ ವೈದ್ಯರಿಗಿರಲಿ. ನಾಮದ ಚಿಲುಮೆಯ ವನದಲ್ಲಿ ಗಿಡದ ಬುಡಕ್ಕೆ ಹೆಸರಿನ ಫಲಕವಿರುತ್ತದೆ. ಖಾಲಿ ಸೈಟಿನ ಮೂಲೆಯಲ್ಲಿ, ರೈಲು ಹಳಿಯ ಪಕ್ಕದಲ್ಲಿ ಮಳೆಗೆ ಎದ್ದ ಗಿಡಕ್ಕೆ ಯಾವ ಫಲಕವೂ ಇರುವುದಿಲ್ಲ. ದನ ಕಾಯುವ ಹುಡುಗನಿಗೆ ಹಿಂದೆ ಕೈಹತ್ತುತ್ತಿದ್ದದ್ದು ಫಲಕವಿಲ್ಲದ ಗಿಡವನ್ನು ಗುರುತಿಸುವ ಆ ಕಲೆಯೇ.